ಅಡಿಕೆ ಕಳವಿನ ಕೇಸು: ತಪ್ಪೊಪ್ಪಿಕೊಂಡರೆ ಮುಗಿಯುತ್ತದೆ ಎನ್ನುತ್ತಾರೆ, ಒಪ್ಪಿಕೊಳ್ಳಬಹುದೇ?

ಹಿನ್ನೀರಿನ ದಡ

ಎಲ್ಲರಿಗೂ ನಮಸ್ಕಾರ. ಕಾನೂನು ತಿಳಿದವರು, ಕೋರ್ಟಿಗೆ ಅಲೆದವರು ದಯವಿಟ್ಟು ಪೂರ್ತಿ ಓದಿ ಹೇಳಿ.

ನನ್ನ ಅಕ್ಕನ ಮಗನಿಗೆ 23 ವರ್ಷ. ಸುಗ್ಗಿಯಲ್ಲಿ ಅಡಿಕೆ ಗೊನೆ ಇಳಿಸುವ ಕೊನೆಗಾರರ ಜೊತೆ ಹಗ್ಗ ಹಿಡಿಯಲು ಹೋಗುತ್ತಾನೆ, ಉಳಿದ ದಿನ ಸಾಲ ಮಾಡಿ ತಂದ ಲಗೇಜ್ ಆಟೋ ಓಡಿಸುತ್ತಾನೆ. ಕಳೆದ ಚಳಿಗಾಲದಲ್ಲಿ ಒಬ್ಬರ ಮನೆಯ ಉಗ್ರಾಣದಿಂದ ರಾತ್ರಿ ಎರಡು ಚೀಲ ಒಣ ಅಡಿಕೆ ಕಳವಾಯಿತು. ಮರುದಿನ ಬೆಳಿಗ್ಗೆ ಪರಿಚಯದ ಇಬ್ಬರು ಆ ಚೀಲಗಳನ್ನು ಇವನ ಆಟೋಗೆ ಹೇರಿ ‘ಮಂಡಿಗೆ ಬಿಡು’ ಎಂದಿದ್ದಾರೆ. ದಾರಿಯಲ್ಲಿ ಪೊಲೀಸರು ಹಿಡಿದರು. ಇವನೀಗ ಮೂರನೇ ಆರೋಪಿ. ಹತ್ತೊಂಬತ್ತು ದಿನ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದ. ಆಟೋ ಠಾಣೆಯ ಆವರಣದಲ್ಲಿ ಮಳೆಗೆ ನೆನೆಯುತ್ತಿದೆ, ಕಂತು ಮಾತ್ರ ನಿಂತಿಲ್ಲ. ಶರಾವತಿ ಹಿನ್ನೀರಿಗೆ ಸೇತುವೆಯಾದ ಮೇಲೆ ತುಮರಿ ಕಡೆಯವರಾದ ನಮಗೆ ಲಾಂಚ್ ಕಾಯುವ ಕಷ್ಟ ಹೋಯಿತು. ಆದರೂ ಪ್ರತಿ ವಾಯಿದೆಗೆ ಒಂದು ದಿನದ ಕೂಲಿ, ಬಸ್ ಚಾರ್ಜು, ಊಟ, ಎಲ್ಲವೂ ಹೋಗುತ್ತದೆ.

ಈಗ ಕೋರ್ಟಿನ ಹತ್ತಿರ ಓಡಾಡುವ ಒಬ್ಬರು ‘ಪ್ಲೀ ಬಾರ್ಗೇನಿಂಗ್ ಎಂದು ಒಂದಿದೆ, ತಪ್ಪೊಪ್ಪಿಕೊಂಡರೆ ಕಡಿಮೆಯಲ್ಲಿ ಮುಗಿಯುತ್ತದೆ, ಇಲ್ಲದಿದ್ದರೆ ಆರೇಳು ವರ್ಷ ಅಲೆಯಬೇಕು’ ಎನ್ನುತ್ತಿದ್ದಾರೆ. ಹುಡುಗ ‘ಕಳ್ಳಮಾಲು ಎಂದು ನನಗೆ ಗೊತ್ತೇ ಇರಲಿಲ್ಲ ಮಾವ’ ಎನ್ನುತ್ತಾನೆ. ನಾನು ಅವನನ್ನು ನಂಬುತ್ತೇನೆ. ಆದರೆ ಅಕ್ಕ ‘ಹೇಗಾದರೂ ಮುಗಿಯಲಿ’ ಎಂದು ಅಳುತ್ತಾಳೆ. ಏನು ಮಾಡಲಿ?

ಬಸವನಗುಡ್ಡ

ಮುಗಿಸಿಕೊಳ್ಳಿ ಎಂದೇ ನಾನು ಹೇಳುತ್ತೇನೆ. ನನ್ನ ತಮ್ಮ ಬೇಲಿಯ ಗಲಾಟೆಯ ಒಂದು ಕೇಸಿನಲ್ಲಿ ಎಂಟು ವರ್ಷ ಹೋರಾಡಿದ. ಕೊನೆಗೆ ಖುಲಾಸೆಯಾಯಿತು. ಅಷ್ಟರಲ್ಲಿ ಎರಡು ಸಂಬಂಧ ಮುರಿದುಬಿದ್ದಿದ್ದವು, ಅಪ್ಪ ತೀರಿಕೊಂಡಿದ್ದರು, ಗದ್ದೆಯ ಒಂದು ತುಂಡು ಹೋಗಿತ್ತು. ಖುಲಾಸೆಯಾದ ದಿನ ನಮ್ಮ ಮನೆಯಲ್ಲಿ ಯಾರೂ ಸಿಹಿ ಮಾಡಲಿಲ್ಲ. ನಿರಪರಾಧಿ ಎಂದು ಬರೆದ ಕಾಗದಕ್ಕೆ ಇಷ್ಟು ಬೆಲೆ ಕೊಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ಜಡಿಮಳೆ

ದಯವಿಟ್ಟು ಅವಸರ ಮಾಡಬೇಡಿ. ನಾನು ಅವಸರ ಮಾಡಿದವನು.

2017ರ ಆಷಾಢ. ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಬೈಕಿನಲ್ಲಿ ಹೋಗುತ್ತಿದ್ದೆ. ಮಳೆ ಎಷ್ಟಿತ್ತೆಂದರೆ ಹತ್ತು ಮಾರು ಮುಂದಿನದು ಕಾಣುತ್ತಿರಲಿಲ್ಲ. ಕೊಪ್ಪೆ ಹೊದ್ದ ಅಜ್ಜ ಒಬ್ಬರು ಬಲಗಡೆ ತಿರುಗಿಯೂ ನೋಡದೆ ರಸ್ತೆ ದಾಟಿದರು. ನಾನು ಬ್ರೇಕ್ ಹಾಕಿದೆ, ಬೈಕು ಜಾರಿ ಅವರಿಗೆ ತಾಗಿ ಕೈ ಮುರಿಯಿತು. ನಾನೇ ಆಸ್ಪತ್ರೆಗೆ ಸೇರಿಸಿದೆ.

ಕೋರ್ಟಿನ ದಿನ ನನಗಿಂತ ಮುಂಚೆ ಇಸ್ಪೀಟು ಕೇಸಿನ ಏಳು ಜನ ಸಾಲಾಗಿ ಕಟಕಟೆ ಹತ್ತಿ ‘ಹೌದು ಸ್ವಾಮಿ, ತಪ್ಪಾಯಿತು’ ಎಂದು ಇಳಿದರು. ನನ್ನ ಹೆಸರು ಕೂಗಿದರು. ಹೊರಗೆ ವರಾಂಡದಲ್ಲಿ ಹೇಳಿಕೊಟ್ಟಿದ್ದಂತೆ ನಾನೂ ‘ಒಪ್ಪಿಕೊಳ್ಳುತ್ತೇನೆ’ ಎಂದೆ. ಏನನ್ನು ಒಪ್ಪಿಕೊಳ್ಳುತ್ತಿದ್ದೇನೆ ಎಂದು ಯಾರೂ ವಿವರಿಸಲಿಲ್ಲ, ನಾನೂ ಕೇಳಲಿಲ್ಲ. ದಂಡದ ರಸೀದಿ ಕೈಗೆ ಬಂದಾಗ ಹನ್ನೆರಡು ಹೊಡೆದಿರಲಿಲ್ಲ. ಎಷ್ಟು ಸುಲಭವಾಯಿತು ಎಂದುಕೊಂಡು ಬಸ್ ನಿಲ್ದಾಣದ ಹೋಟೆಲಿನಲ್ಲಿ ಬನ್ಸ್ ತಿಂದು ಮನೆಗೆ ಹೋದೆ.

ಆಮೇಲೆ ಅಪಘಾತ ಪರಿಹಾರದ ಅರ್ಜಿಯ ವಿಚಾರಣೆ ಬಂತು. ಎದುರು ಪಕ್ಷದ ವಕೀಲರು ಮೊದಲು ತೆಗೆದಿಟ್ಟ ಕಾಗದವೇ ಆ ತೀರ್ಪಿನ ನಕಲು. ಅಜ್ಜನೂ ನೋಡದೆ ದಾಟಿದರು ಎಂದು ಹೇಳಲು ನನಗೆ ಬಾಯಿಯೇ ಉಳಿದಿರಲಿಲ್ಲ. ನನ್ನ ಬೈಕಿನ ವಿಮೆ ಹದಿಮೂರು ದಿನ ಮೊದಲು ಮುಗಿದಿತ್ತು. ಹಣ ಪೂರ್ತಿ ನನ್ನ ತಲೆಯ ಮೇಲೆಯೇ ಬಂತು. ಅಜ್ಜನಿಗೆ ಪರಿಹಾರ ಸಿಗಬೇಕಿತ್ತು, ಅದರ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಐದು ನಿಮಿಷದಲ್ಲಿ ಆಡಿದ ಒಂದು ಮಾತು ಎಲ್ಲಿಯವರೆಗೆ ಬರುತ್ತದೆ ಎಂದು ಒಬ್ಬರಾದರೂ ಹೇಳಬೇಕಿತ್ತು.

ವಕೀಲೆ, ಶಿವಮೊಗ್ಗ

ಜಡಿಮಳೆಯವರು ಹೇಳಿದ್ದು ಪ್ಲೀ ಬಾರ್ಗೇನಿಂಗ್ ಅಲ್ಲ, ಬರಿಯ ತಪ್ಪೊಪ್ಪಿಗೆ. ಎರಡನ್ನೂ ಒಂದೇ ಎಂದು ತಿಳಿದು ನಮ್ಮ ಜನ ಮೋಸಹೋಗುತ್ತಾರೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬರಿಯ ತಪ್ಪೊಪ್ಪಿಗೆಯಲ್ಲಿ ಚೌಕಾಸಿ ಇಲ್ಲ. ನೀವು ಹೌದು ಎನ್ನುತ್ತೀರಿ, ಶಿಕ್ಷೆ ಎಷ್ಟೆಂಬುದು ನ್ಯಾಯಾಧೀಶರ ವಿವೇಚನೆ. ಪ್ಲೀ ಬಾರ್ಗೇನಿಂಗ್ ಎಂಬುದು 2006ರ ಜುಲೈ 5ರಿಂದ ನಮ್ಮಲ್ಲಿ ಜಾರಿಯಲ್ಲಿರುವ ಪ್ರತ್ಯೇಕ ವಿಧಾನ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 289ರಿಂದ 300ರವರೆಗಿನ ಕಲಮುಗಳಲ್ಲಿದೆ. ಅರ್ಜಿಯನ್ನು ಆರೋಪಿಯೇ ಹಾಕಬೇಕು, ಪ್ರಮಾಣ ಮಾಡಿದ ಅಫಿಡವಿಟ್ ಕೊಡಬೇಕು. ಹೊಸ ಕಾನೂನಿನಲ್ಲಿ ಆರೋಪ ನಿಗದಿಯಾದ 30 ದಿನದೊಳಗೆ ಹಾಕಬೇಕು. ಆಗ ನ್ಯಾಯಾಧೀಶರು ಎದುರು ಪಕ್ಷದವರನ್ನು ಹೊರಗಿಟ್ಟು, ಮುಚ್ಚಿದ ಕೊಠಡಿಯಲ್ಲಿ ಆರೋಪಿಯನ್ನು ಒಬ್ಬನನ್ನೇ ಕೂರಿಸಿಕೊಂಡು, ಸ್ವಇಚ್ಛೆಯಿಂದ ಬಂದಿದ್ದಾನೆಯೇ ಎಂದು ವಿಚಾರಿಸುತ್ತಾರೆ. ಹಾಗಲ್ಲ ಎನಿಸಿದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಸ್ವಇಚ್ಛೆ ಎನಿಸಿದರೆ ಸರ್ಕಾರಿ ಅಭಿಯೋಜಕರು, ತನಿಖಾಧಿಕಾರಿ, ಆರೋಪಿ, ನೊಂದವರು ಒಟ್ಟಿಗೆ ಕುಳಿತು ಎಲ್ಲರಿಗೂ ಒಪ್ಪಿಗೆಯಾಗುವ ತೀರ್ಮಾನಕ್ಕೆ ಬರಲು 60 ದಿನದವರೆಗೆ ಅವಕಾಶ. ನೊಂದವರಿಗೆ ಪರಿಹಾರ, ಖರ್ಚು ಎಲ್ಲವೂ ಅಲ್ಲಿಯೇ ಮಾತಾಗುತ್ತದೆ. ಈ ಸಲುವಾಗಿ ಆರೋಪಿ ಹೇಳಿದ ಮಾತನ್ನು ಬೇರೆ ಯಾವ ಉದ್ದೇಶಕ್ಕೂ ಅವನ ವಿರುದ್ಧ ಬಳಸುವಂತಿಲ್ಲ.

ಗರಿಷ್ಠ ಶಿಕ್ಷೆ ಏಳು ವರ್ಷ ಮೀರದ ಅಪರಾಧಗಳಿಗೆ ಮಾತ್ರ ಈ ಬಾಗಿಲು ತೆರೆದಿದೆ. ಈಗ ನಿಮ್ಮ ಹುಡುಗನ ಕೇಸಿಗೆ ಬರೋಣ. ಚಾರ್ಜ್‌ಶೀಟಿನಲ್ಲಿ ಯಾವ ಕಲಮುಗಳಿವೆ?

ಹಿನ್ನೀರಿನ ದಡ

ಮೇಡಂ, ಈಗ ನೋಡಿದೆ. ಭಾರತೀಯ ನ್ಯಾಯ ಸಂಹಿತೆ 331(4), 305, ಜೊತೆಗೆ 3(5) ಎಂದಿದೆ.

ವಕೀಲೆ, ಶಿವಮೊಗ್ಗ

ನಾನು ಹೆದರಿದ್ದೇ ಇದು. 305 ಎಂದರೆ ವಾಸದ ಮನೆ ಅಥವಾ ಸರಕು ಇಡುವ ಕಟ್ಟಡದಿಂದ ಕಳವು, ಗರಿಷ್ಠ ಏಳು ವರ್ಷ. ಅದಕ್ಕೆ ಅರ್ಜಿ ಹಾಕಬಹುದು. 331(4) ಎಂದರೆ ಸೂರ್ಯಾಸ್ತದ ನಂತರ ಹೊಂಚುಹಾಕಿ ಮನೆಗೆ ನುಗ್ಗುವುದು ಅಥವಾ ಕನ್ನ ಹಾಕುವುದು. ಕಳವಿನ ಉದ್ದೇಶವಿದ್ದರೆ ಹದಿನಾಲ್ಕು ವರ್ಷದವರೆಗೆ ಶಿಕ್ಷೆ. ಹಳೆಯ ಭಾರತೀಯ ದಂಡ ಸಂಹಿತೆಯ 457 ಇದೇ. 3(5) ಎಂದರೆ ಹಲವರು ಒಂದೇ ಉದ್ದೇಶದಿಂದ ಸೇರಿ ಮಾಡಿದ್ದು ಎಂದು. ಆ ಕಲಮು ಇರುವವರೆಗೆ ಪ್ಲೀ ಬಾರ್ಗೇನಿಂಗ್ ಮಾತೇ ಬರುವುದಿಲ್ಲ. ನಿಮಗೆ ಸಲಹೆ ಕೊಟ್ಟವರು ಚಾರ್ಜ್‌ಶೀಟ್ ಓದಿಯೇ ಇಲ್ಲ.

331(4) ಅನ್ನು ಕೈಬಿಟ್ಟರು ಎಂದೇ ಇಟ್ಟುಕೊಳ್ಳಿ. ‘ಮುಗಿಯುತ್ತದೆ’ ಎಂದರೆ ಏನು ಎಂದು ಲೆಕ್ಕ ಹಾಕಿ. ಕನಿಷ್ಠ ಶಿಕ್ಷೆ ನಿಗದಿಯಾಗಿರದ ಅಪರಾಧಕ್ಕೆ ಕೋರ್ಟು ಗರಿಷ್ಠದ ನಾಲ್ಕನೇ ಒಂದು ಭಾಗ, ಮೊದಲ ಸಲದವರಿಗಾದರೆ ಆರನೇ ಒಂದು ಭಾಗ ಶಿಕ್ಷೆ ಕೊಡಬಹುದು. ಏಳು ವರ್ಷದ ಆರನೇ ಒಂದು ಭಾಗ ಎಂದರೆ ಹದಿನಾಲ್ಕು ತಿಂಗಳು. ಒಳಗಿದ್ದ ಹತ್ತೊಂಬತ್ತು ದಿನ ಅದರಲ್ಲಿ ವಜಾ ಆಗುತ್ತದೆ, ಅಷ್ಟೇ. ಜೈಲು ತಪ್ಪಬೇಕಾದರೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಸನ್ನಡತೆಯ ಮೇಲೆ ಬಿಡುಗಡೆ ಕೇಳಬೇಕು. ಪ್ಲೀ ಬಾರ್ಗೇನಿಂಗ್‌ನಲ್ಲಿಯೂ ಅದಕ್ಕೆ ಅವಕಾಶವಿದೆ. ಅದನ್ನು ಕೇಳದೆ ಒಪ್ಪಿಕೊಂಡವನು ಬಾವಿಯ ಆಳ ನೋಡದೆ ಇಳಿದಂತೆ.

ಇನ್ನೊಂದು ಮಾತು. ಪ್ಲೀ ಬಾರ್ಗೇನಿಂಗ್‌ನ ತೀರ್ಪಿಗೆ ಮೇಲ್ಮನವಿ ಇಲ್ಲ. ಸಂವಿಧಾನದ 136ರಡಿ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ, 226, 227ರಡಿ ಹೈಕೋರ್ಟಿಗೆ ರಿಟ್, ಇಷ್ಟೇ ದಾರಿ. ತುಮರಿಯ ಕಡೆಯ ಒಬ್ಬ ಆಟೋ ಚಾಲಕ ಬೆಂಗಳೂರು, ದೆಹಲಿ ಎಂದು ಹೋಗಲು ಸಾಧ್ಯವೇ?

ಮೆಟ್ಟುಗತ್ತಿ

ಎಲ್ಲರೂ ಆರೋಪಿಯ ಬಗ್ಗೆಯೇ ಮಾತನಾಡುತ್ತಿದ್ದೀರಿ. ಅಡಿಕೆ ಕಳೆದುಕೊಂಡವನ ಮಾತನ್ನೂ ಕೇಳಿ.

ನನ್ನದು ಒಂದೂವರೆ ಎಕರೆ ತೋಟ. ಕೊಳೆರೋಗಕ್ಕೆ ಮೂರು ಸಲ ಬೋರ್ಡೋ ದ್ರಾವಣ ಹೊಡೆಸಿ, ಕೊನೆ ತೆಗೆಸಿ, ನಾನೂ ನನ್ನ ಹೆಂಡತಿಯೂ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮೇಲೆ ಕುಳಿತು ಸುಲಿದು, ಹಂಡೆಯಲ್ಲಿ ಬೇಯಿಸಿ, ಅಟ್ಟದ ಮೇಲೆ ಒಣಗಿಸಿದ ರಾಶಿ ಅಡಿಕೆ. ಒಂದು ರಾತ್ರಿಯಲ್ಲಿ ಮೂರು ಚೀಲ ಹೋಯಿತು. ಕಳ್ಳರು ಸಿಕ್ಕರು, ಮಾಲೂ ಸಿಕ್ಕಿತು. ನನಗೆ ಯಾರೂ ತಿಳಿಸಿ ಹೇಳದ ಕಾರಣ ಮಾಲಿನ ಮಧ್ಯಂತರ ಬಿಡುಗಡೆಗೆ ಅರ್ಜಿ ಹಾಕುವುದು ತಡವಾಯಿತು. ಕೊನೆಗೆ ಜಪ್ತಿ ಮಾಡಿದ ಮಾಲು ಇಡುವ ಮುದ್ದೆಮಾಲು ಕೋಣೆಯಿಂದ ಚೀಲ ಹೊರಗೆ ಬಂದಾಗ ಅರಗಿನ ಮೊಹರು ಹಾಗೆಯೇ ಇತ್ತು, ತಳವನ್ನು ಇಲಿ ಕಡಿದಿತ್ತು. ಬಾಯಿ ಬಿಚ್ಚಿದರೆ ಬೂದಿ ಬಣ್ಣದ ಬೂಸಲು. ಕೈ ಹಾಕಿ ಮುರಿದು ನೋಡಿದೆ, ಒಳಗೆ ಕಪ್ಪು. ಹೆಂಡತಿ ಅದನ್ನು ಮನೆಯ ಮೆಟ್ಟಿಲು ಹತ್ತಿಸಬೇಡಿ ಎಂದಳು. ತೋಟದ ಗೊಬ್ಬರದ ಗುಂಡಿಗೆ ಸುರಿದೆ.

ನಾಲ್ಕು ವರ್ಷ ಸಾಕ್ಷಿ ಹೇಳಲು ಅಲೆದೆ. ಮಹಜರಿಗೆ ಸಹಿ ಹಾಕಿದ್ದ ಪಂಚರು ತಿರುಗಿಬಿದ್ದರು. ಆರೋಪಿಗಳು ಖುಲಾಸೆಯಾದರು. ಅವರಲ್ಲಿ ಒಬ್ಬ ನಮ್ಮೂರ ಸಂತೆಯಲ್ಲಿ ಎದುರು ಸಿಕ್ಕರೆ ತಲೆ ತಗ್ಗಿಸಿ ಹೋಗುತ್ತಾನೆ. ಅವನು ಮಾಡಿದ್ದು ಅವನಿಗೂ ಗೊತ್ತು, ನನಗೂ ಗೊತ್ತು. ಮೊದಲ ತಿಂಗಳೇ ಅವನು ನನ್ನೆದುರು ಕುಳಿತು ‘ಮಾಡಿದೆ ಅಣ್ಣ, ಬೆಲೆ ಕಟ್ಟಿಕೊಡುತ್ತೇನೆ’ ಎಂದಿದ್ದರೆ ನಾನು ಅವನನ್ನು ಜೈಲಿಗೆ ಕಳುಹಿಸಿ ಎನ್ನುತ್ತಿರಲಿಲ್ಲ. ಹಾಗೆ ಕೂರಿಸುವ ಕಾನೂನು 2006ರಿಂದಲೇ ಇದೆ ಎಂದು ಇವತ್ತು ಮೇಡಂ ಬರೆದ ಮೇಲೆ ಗೊತ್ತಾಗುತ್ತಿದೆ. ಇಷ್ಟು ವರ್ಷ ಯಾರೂ ಏಕೆ ಹೇಳಲಿಲ್ಲ?

ನಿವೃತ್ತ ಶಿರಸ್ತೇದಾರ

ಮೆಟ್ಟುಗತ್ತಿಯವರ ಪ್ರಶ್ನೆಗೆ ನನ್ನ ಸೇವೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ನಾನು ಕೆಲಸ ಮಾಡಿದ ನ್ಯಾಯಾಲಯಗಳಲ್ಲಿ ಇಂತಹ ಅರ್ಜಿಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಕಾರಣ ಸರಳ. ರಾಜಿಯಾಗಬಲ್ಲ ಕೇಸಾದರೆ ಜನ ಲೋಕ ಅದಾಲತ್‌ಗೆ ಬರುತ್ತಾರೆ, ಏಕೆಂದರೆ ರಾಜಿಯಾದರೆ ಅದು ಖುಲಾಸೆಗೆ ಸಮ, ಮೈಮೇಲೆ ಕಲೆ ಉಳಿಯುವುದಿಲ್ಲ. ರಾಜಿಯಾಗದ ಕೇಸಾದರೆ ಸಾಕ್ಷಿಗಳು ತಿರುಗಿಬೀಳುವವರೆಗೆ ಕಾಯುತ್ತಾರೆ. ಪ್ಲೀ ಬಾರ್ಗೇನಿಂಗ್‌ನಲ್ಲಿ ಶಿಕ್ಷೆ ಕಡಿಮೆಯಾದರೂ ಅಪರಾಧಿ ಎಂಬ ಹೆಸರು ಬರುತ್ತದೆ. ಅದಕ್ಕೆ ಯಾರು ಮುಂದಾಗುತ್ತಾರೆ? ಅಭಿಯೋಜಕರಿಗೂ ದಿನಕ್ಕೆ ಹತ್ತಾರು ಕೇಸು, ನಾಲ್ಕು ಜನರನ್ನು ಕೂರಿಸಿ ಮಾತನಾಡುವ ಬಿಡುವೆಲ್ಲಿದೆ?

ಹಳೆಯ ಕಥೆಯನ್ನೂ ತಿಳಿಯಿರಿ. ಈ ಚೌಕಾಸಿಯನ್ನು ಸುಪ್ರೀಂ ಕೋರ್ಟು ಮೊದಲು ಒಪ್ಪಿರಲೇ ಇಲ್ಲ. ಗುಜರಾತಿನ ಕಾಸಂಭಾಯಿ ಪ್ರಕರಣದಲ್ಲಿ, 1980ರಲ್ಲಿ, ದೀರ್ಘ ವಿಚಾರಣೆಗೆ ಹೆದರಿ ನಿರಪರಾಧಿಯೇ ತಪ್ಪೊಪ್ಪಿಕೊಳ್ಳುವ ಅಪಾಯವಿದೆ ಎಂದು ನ್ಯಾಯಮೂರ್ತಿ ಭಗವತಿ ಎಚ್ಚರಿಸಿದರು. ಅದಾದ ಮೇಲೆ ಬಂದದ್ದು ನಮ್ಮದೇ ರಾಜ್ಯದ ತಿಪ್ಪೇಸ್ವಾಮಿ ಪ್ರಕರಣ, 1983ರ ವರದಿಗಳಲ್ಲಿದೆ. ಕಡಿಮೆ ಶಿಕ್ಷೆ ಎಂಬ ಭರವಸೆಯ ಮೇಲೆ ಆರೋಪಿ ತಪ್ಪೊಪ್ಪಿಕೊಂಡಿದ್ದ, ಮೇಲಿನ ಕೋರ್ಟು ಶಿಕ್ಷೆ ಹೆಚ್ಚಿಸಿತು. ಭರವಸೆ ಕೊಟ್ಟು ಒಪ್ಪಿಸಿ ಆಮೇಲೆ ಶಿಕ್ಷೆ ಏರಿಸುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟು ಹೇಳಿ ಹೊಸದಾಗಿ ವಿಚಾರಣೆಗೆ ಕಳುಹಿಸಿತು. ಕಾನೂನು ಆಯೋಗ 1991ರ ತನ್ನ 142ನೇ ವರದಿಯಿಂದ ಶುರುಮಾಡಿ ಈ ಪದ್ಧತಿ ಬೇಕೆಂದಿತು. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠರ ಸಮಿತಿ 2003ರಲ್ಲಿ ಅದನ್ನು ಬೆಂಬಲಿಸಿತು. ಭಗವತಿಯವರ ಭಯಕ್ಕೆ ಉತ್ತರವಾಗಿಯೇ ಮುಚ್ಚಿದ ಕೊಠಡಿಯ ವಿಚಾರಣೆ ಬಂದದ್ದು ಎಂದು ನನ್ನ ತಿಳಿವಳಿಕೆ.

ಕಾನೂನು ವಿದ್ಯಾರ್ಥಿ, ಸಾಗರ

ಅಮೆರಿಕದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 2012ರ ಮಿಸೌರಿ ವಿರುದ್ಧ ಫ್ರೈ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ದಾಖಲಿಸಿದಂತೆ, ಕೇಂದ್ರದ ನ್ಯಾಯಾಲಯಗಳಲ್ಲಿ ಶೇ 97, ರಾಜ್ಯಗಳಲ್ಲಿ ಶೇ 94ರಷ್ಟು ಅಪರಾಧ ನಿರ್ಣಯಗಳು ತಪ್ಪೊಪ್ಪಿಗೆಯಿಂದಲೇ ಆಗುತ್ತವೆ. ಅಲ್ಲಿ ಸರ್ಕಾರಿ ವಕೀಲರ ಕೈ ಬಹಳ ಮೇಲು. 1978ರ ಬಾರ್ಡನ್‌ಕರ್ಚರ್ ವಿರುದ್ಧ ಹೇಯ್ಸ್ ಪ್ರಕರಣದ ಆರೋಪಿ ಮಾಡಿದ್ದು 88 ಡಾಲರ್ ಚಿಲ್ಲರೆಯ ಖೋಟಾ ಚೆಕ್. ಒಪ್ಪಿಕೊಂಡರೆ ಐದು ವರ್ಷ, ಇಲ್ಲವಾದರೆ ರೂಢಿಗತ ಅಪರಾಧಿ ಎಂಬ ಆರೋಪವನ್ನೂ ಸೇರಿಸುತ್ತೇವೆ ಎಂದರು. ಅವನು ಒಪ್ಪಲಿಲ್ಲ, ಜೀವಾವಧಿ ಶಿಕ್ಷೆಯಾಯಿತು. ಅದು ತಪ್ಪಲ್ಲ ಎಂದು ಆ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಲ್ಲಿ ಹೇಳಿತು. ನಮ್ಮ ಕಾನೂನಿನಲ್ಲಿ ಆರೋಪವನ್ನು ಹೀಗೆ ಏರಿಸಿ ಇಳಿಸಿ ಹೆದರಿಸಲು ಜಾಗ ಕೊಟ್ಟಿಲ್ಲ. ಚೌಕಾಸಿ ಶಿಕ್ಷೆಯ ಪ್ರಮಾಣದ್ದು, ಅದಕ್ಕೂ ಕಾನೂನೇ ಅಳತೆ ಹಾಕಿಕೊಟ್ಟಿದೆ.

ಬಸವನಗುಡ್ಡ

ತಮ್ಮಾ, ಕಾಗದದ ಮೇಲೆ ಜಾಗ ಕೊಟ್ಟಿಲ್ಲ, ಸರಿ. 305ಕ್ಕೆ 331(4) ಸೇರಿಸಿದ್ದು ಯಾರು? ಆಟೋದಲ್ಲಿ ಬೆಳಿಗ್ಗೆ ಸಿಕ್ಕವನ ಮೇಲೆ ರಾತ್ರಿ ಕನ್ನ ಹಾಕಿದ ಕಲಮು ಹಾಕಿದರೆ ಅವನು ಹೆದರದೆ ಇರುತ್ತಾನೆಯೇ?

ಕೆಳಮನೆ ಅಮ್ಮ

ನಾನು ಒಂಟಿ ಹೆಂಗಸು, ಯಜಮಾನರು ಹೋಗಿ ಹನ್ನೊಂದು ವರ್ಷವಾಯಿತು. ಎರಡು ವರ್ಷದ ಹಿಂದೆ ನಮ್ಮ ಮನೆಯ ಹಿತ್ತಾಳೆ ಹಂಡೆ, ಕೊಳಗ ಎಲ್ಲ ಕದ್ದರು. ಕದ್ದ ಹುಡುಗ ಯಾರೆಂದು ಗೊತ್ತು, ಅವನ ತಾಯಿ ನನ್ನ ಮನೆಯ ಅಡಿಕೆ ಸುಲಿಯಲು ಬರುವವಳು. ಅವನು ಒಪ್ಪಿಕೊಳ್ಳಲು ಸಿದ್ಧನಿದ್ದ. ಆದರೆ ಮಹಿಳೆಯ ವಿರುದ್ಧದ ಅಪರಾಧಕ್ಕೆ ಈ ವಿಧಾನ ಇಲ್ಲ ಎಂದು ಹೇಳಿದರು. ಹಂಡೆ ನನ್ನದು, ಒಪ್ಪಿಗೆ ನನ್ನದು. ನನ್ನನ್ನು ಕೇಳದೆ ನನ್ನ ಪರವಾಗಿ ಬೇಡ ಎನ್ನುವುದು ಯಾವ ನ್ಯಾಯ ಎಂದು ನನಗೆ ಇಂದಿಗೂ ಅರ್ಥವಾಗಿಲ್ಲ.

ಕೂಲಿ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡುವವಳು

ಅಮ್ಮಾ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಆ ಗೆರೆಯನ್ನು ಅಳಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನಾನು ಕಂಡ ಒಂದು ಮನೆಯ ಹೆಣ್ಣುಮಗಳ ಕೈ ಹಿಡಿದೆಳೆದವನು ಅವಳು ಕೂಲಿಗೆ ಹೋಗುವ ತೋಟದ ಯಜಮಾನನ ಸಂಬಂಧಿ. ಮರುದಿನ ಬೆಳಗಾಗುವುದರೊಳಗೆ ಐದು ಜನ ಹಿರಿಯರು ಜಗಲಿಯ ಮೇಲೆ ಕುಳಿತಿದ್ದರು. ‘ಊರಲ್ಲಿ ಬಾಳಬೇಕಲ್ಲವೇ ತಂಗಿ’ ಎಂದು ಒಬ್ಬೊಬ್ಬರೂ ಮೃದುವಾಗಿಯೇ ಹೇಳಿದರು. ಆ ಮೃದು ಮಾತಿನ ಎದುರು ಅವಳಿಗೆ ಇಲ್ಲ ಎನ್ನಲು ಆಗಲಿಲ್ಲ. ಇಂತಹ ಕೇಸಿನಲ್ಲಿ ಪರಿಹಾರದ ಚೌಕಾಸಿಗೆ ಕಾನೂನೇ ಮಣೆ ಹಾಕಿದರೆ ಅವಳ ಗತಿ ಏನು? ಪರಿಶಿಷ್ಟರ ಮೇಲಿನ ದೌರ್ಜನ್ಯದ ಕಾಯ್ದೆ, ವರದಕ್ಷಿಣೆ ನಿಷೇಧ ಕಾಯ್ದೆಗಳನ್ನು 2006ರ ಅಧಿಸೂಚನೆಯಲ್ಲಿಯೇ ಹೊರಗಿಟ್ಟಿದ್ದಾರೆ. ಅದೂ ಸರಿಯೇ.

ವಕೀಲೆ, ಶಿವಮೊಗ್ಗ

ಇಬ್ಬರ ಮಾತೂ ನನಗೆ ನಾಟಿತು. ಮೈಮೇಲಿನ ದೌರ್ಜನ್ಯಕ್ಕೂ ಹಂಡೆ ಕಳವಿಗೂ ಕಾನೂನು ಒಂದೇ ಪದ ಬಳಸಿರುವುದು ತೊಡಕು. ಆದರೂ ಆಯ್ಕೆ ಮಾಡು ಎಂದರೆ ನಾನು ಆ ಗೆರೆಯನ್ನು ಉಳಿಸಿಕೊಳ್ಳುತ್ತೇನೆ.

ಕಾಡುಹಂದಿಯ ಉರುಳಿನ ಕೇಸಿನ ಬಗ್ಗೆ ಇನ್ನೊಬ್ಬರು ಖಾಸಗಿಯಾಗಿ ಕೇಳಿದ್ದಾರೆ. ಚಿಕ್ಕದಾಗಿ: ಉರುಳಿಗೆ ಸಿಕ್ಕಿದ್ದು ಕಾಟಿಯಂತಹ (ಕಾಡುಕೋಣ), ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿಯಾದರೆ ಪ್ಲೀ ಬಾರ್ಗೇನಿಂಗ್ ಇಲ್ಲ. ಉಳಿದದ್ದಕ್ಕೆ ಕಾಗದ ನೋಡದೆ ಹೇಳಲಾರೆ.

ಮೂಲ ಪ್ರಶ್ನೆಗೆ ಮರಳುತ್ತೇನೆ. ಹಿನ್ನೀರಿನ ದಡದವರೇ, ನಿಮ್ಮ ಹುಡುಗನ ಮೇಲೆ ಗಟ್ಟಿಯಾಗಿ ನಿಲ್ಲಬಹುದಾದದ್ದು ಕಳ್ಳಮಾಲು ಸ್ವೀಕರಿಸಿದ ಆರೋಪ ಮಾತ್ರ, 317(2), ಗರಿಷ್ಠ ಮೂರು ವರ್ಷ. ಅದರ ಜೀವಾಳವೇ ‘ತಿಳಿದು, ಅಥವಾ ಕಳ್ಳಮಾಲೆಂದು ನಂಬಲು ಕಾರಣವಿದ್ದು’ ಎಂಬ ಮಾತು. ಅವನಿಗೆ ತಿಳಿದಿರಲಿಲ್ಲವಾದರೆ ಅಪರಾಧವೇ ಇಲ್ಲ. ಒಪ್ಪಿಕೊಂಡರೆ, ‘ನನಗೆ ಗೊತ್ತಿತ್ತು’ ಎಂದು ಪ್ರಮಾಣ ಮಾಡಿ ಹೇಳಿದಂತೆ. ಅಂತಹ ಸುಳ್ಳನ್ನು ಯಾವ ವಕೀಲರೂ ಹೇಳಿಸಬಾರದು. ಇನ್ನು, 317(2) ಮಾತ್ರ ಉಳಿದರೆ ಅಡಿಕೆಯ ಮಾಲೀಕರ ಜೊತೆ ರಾಜಿಗೂ ಕಾನೂನಿನಲ್ಲಿ ಅವಕಾಶವಿದೆ.

ಮುಂದಿನ ಬಸ್ಸಿಗೇ ಕೋರ್ಟಿನ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಆದಾಯ ಮಿತಿಯೊಳಗಿದ್ದರೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಆರೋಪದಿಂದ ಬಿಡುಗಡೆ ಕೋರುವ ಅರ್ಜಿಗೆ, ಚಾರ್ಜ್‌ಶೀಟಿನ ಪ್ರತಿಗಳು ಕೈಗೆ ಬಂದ ದಿನದಿಂದ 60 ದಿನವಷ್ಟೇ. ನಿಮಗೆ ಪ್ರತಿ ಬಂದದ್ದು ಯಾವತ್ತು ಎಂದು ಮೊದಲು ನೋಡಿ.

ಹಿನ್ನೀರಿನ ದಡ

ಹತ್ತು ದಿನದ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ. ಹೋಗಿ ಬಂದೆವು. ಪ್ರತಿ ಸಿಕ್ಕು 38 ದಿನವಾಗಿತ್ತು. ಸಮಿತಿಯಿಂದ ಕೊಟ್ಟ ವಕೀಲರು ಚಿಕ್ಕ ವಯಸ್ಸಿನವರು. ವರಾಂಡದ ಬೆಂಚಿನ ಮೇಲೆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಷ್ಟೂ ಹಾಳೆಗಳನ್ನು ಓದಿ, ಒಂದೊಂದಕ್ಕೂ ಕನ್ನಡದಲ್ಲಿ ಅರ್ಥ ಹೇಳಿದರು. ಇದುವರೆಗೆ ಅವನಿಗೆ ಯಾರೂ ಹಾಗೆ ಹೇಳಿರಲಿಲ್ಲ. ಕಳವಾದ ಉಗ್ರಾಣದ ಮಹಜರಿನಲ್ಲಿ ಇವನ ಹೆಸರೇ ಇಲ್ಲ. ಆ ಇಬ್ಬರ ಫೋನಿನಿಂದ ಇವನಿಗೆ ಮೊದಲ ಕರೆ ಬಂದದ್ದು ಬೆಳಿಗ್ಗೆ 7.52ಕ್ಕೆ, ರಾತ್ರಿ ಒಂದೂ ಇಲ್ಲ. ಬಾಡಿಗೆ 400 ರೂಪಾಯಿ ಫೋನಿನಲ್ಲಿಯೇ ಬಂದಿದೆ, ಅದರ ದಾಖಲೆಯೂ ಇದೆ. ಬಿಡುಗಡೆಯ ಅರ್ಜಿ ಹಾಕಿದ್ದಾರೆ, ಆಟೋ ಬಿಡಿಸಿಕೊಳ್ಳುವ ಅರ್ಜಿಯನ್ನೂ ಹಾಕಿದ್ದಾರೆ.

ಅಕ್ಕ ಇನ್ನೂ ‘ಒಪ್ಪಿಕೊಂಡಿದ್ದರೆ ಮುಗಿಯುತ್ತಿತ್ತಲ್ಲ’ ಎನ್ನುತ್ತಾಳೆ. ಅವಳಿಗೆ ಹದಿನಾಲ್ಕು ತಿಂಗಳಿನ ಲೆಕ್ಕ ಹೇಳಿದೆ, ಸುಮ್ಮನಾದಳು. ಹುಡುಗ ವಾಪಸ್ಸು ಬರುವಾಗ ಬಸ್ಸಿನಲ್ಲಿ ಆ ಹಾಳೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ತಾನೇ ಇನ್ನೊಮ್ಮೆ ಓದುತ್ತಿದ್ದ.

ಮೆಟ್ಟುಗತ್ತಿ

ಆಟೋ ಬಿಡಿಸಿಕೊಳ್ಳಲು ಜಾಮೀನುದಾರರನ್ನು ಕೇಳುತ್ತಾರೆ. ಯಾರೂ ಸಿಗದಿದ್ದರೆ ನನಗೆ ಖಾಸಗಿಯಾಗಿ ಬರೆಯಿರಿ, ಪಹಣಿ ತೆಗೆದುಕೊಂಡು ನಾನು ಬರುತ್ತೇನೆ.